ಬೆನ್ನ ಮೇಲೆ ಕಾಲಿಟ್ಟು ಆಡುವ ಆಟ

ನಿಮಗೂ ಹೀಗಾಗಿದೆಯಾ, ಹೇಳಿ. ಹೊಸ ದೇಶಕ್ಕೆ ಹೋಗಿದ್ದೀರಿ, ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿ ಕೂಡ ಇನ್ನೂ ಸರಿಯಾಗಿ ಗೊತ್ತಿಲ್ಲ. ಅಷ್ಟರಲ್ಲಿ ಯಾರೋ ನಿಮ್ಮ ಮುಂದೆ ಬಗ್ಗಿ ನಿಂತು, ತಮ್ಮ ಬೆನ್ನು ತೋರಿಸಿ, ಇದರ ಮೇಲೆ ಕಾಲಿಟ್ಟು ಹತ್ತು ಅನ್ನುತ್ತಾರೆ. ಹತ್ತದಿದ್ದರೆ ಬೈಯುತ್ತಾರೆ. ನನಗೆ ಆಗಿದೆ. ಆ ಬೆನ್ನು ನನ್ನ ಚಿಕ್ಕಪ್ಪನ ವಯಸ್ಸಿನವನದು. ಊರು ಮೆಲ್ಬರ್ನ್, ಆಟದ ಹೆಸರು ಫೂಟಿ.

ಫೂಟಿ ಅಂದರೆ ನಾವು ಬೆಳಗಾವಿ ಕ್ಯಾಂಪಿನಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಚೆಂಡು ಸುಲಿದ ತೆಂಗಿನಕಾಯಿ ಆಕಾರ, ಮೈದಾನ ಮೊಟ್ಟೆ ಆಕಾರ. ಕಾಲಲ್ಲಿ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಹಿಡಿದವನನ್ನು ಕೆಡವಬಹುದು. ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದು ‘ಮಾರ್ಕ್’. ಹಿಡಿದವನು ನಿಂತು ಆರಾಮಾಗಿ ಒದೆಯಬಹುದು. ಕೈಯಿಂದ ಜಾರಿತೋ, ಆಟ ನಿಲ್ಲುವುದಿಲ್ಲ, ಸಿಕ್ಕವನದು ಚೆಂಡು. ಎದುರಾಳಿಯ ಬೆನ್ನಿಗೆ, ಭುಜಕ್ಕೆ ಮೊಣಕಾಲು ಊರಿ ಮೇಲೇರಿ ಹಿಡಿದರೆ ಅದಕ್ಕೆ ‘ಸ್ಪೆಕಿ’ ಅನ್ನುತ್ತಾರೆ, ಕಣ್ಣಿಗೆ ಹಬ್ಬ ಅನ್ನುವ ಅರ್ಥದಲ್ಲಿ. ಅದು ತಪ್ಪಲ್ಲ. ಜನ ಬರುವುದೇ ಅದನ್ನು ನೋಡಲು.

ನಾನು ಖಾನಾಪುರ ತಾಲೂಕಿನ ಪಾರಿಶ್ವಾಡದವನು, ಮಲ್ಲಪ್ಪ. ಕುರಿ ಕಾಯ್ದ ಮನೆತನ. ಅಪ್ಪ ಮಾತ್ರ ಕುರಿ ಬಿಟ್ಟು ಬೆಳಗಾವಿಯ ಒಂದು ಕಚೇರಿಯಲ್ಲಿ ಸಿಪಾಯಿಯಾಗಿದ್ದ. ನಾನು ಅಲ್ಲೇ ಅನಗೋಳದ ಓಣಿಯೊಂದರಲ್ಲಿ ಕೋಣೆ ಹಿಡಿದು ಕಾಲೇಜಿಗೆ ಹೋಗುತ್ತಿದ್ದೆ, ಅಂದರೆ ಖೋಖೋ ಆಡುತ್ತಿದ್ದೆ. ಕಂಬದ ಹತ್ತಿರ ಗಾಳಿಯಲ್ಲಿ ಅಡ್ಡ ಹಾರಿ ಓಡುವವನನ್ನು ಮುಟ್ಟುವುದರಲ್ಲಿ ನನ್ನಷ್ಟು ಉದ್ದ ಹಾರುವವರು ಸುತ್ತಮುತ್ತ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ರಾಜ್ಯ ತಂಡವನ್ನು ಆರಿಸುವವರು ಹೇಳಲಿಲ್ಲ. ಮೆಲ್ಬರ್ನ್‌ನಲ್ಲಿ ನರ್ಸ್ ಆಗಿದ್ದ ಕಸ್ತೂರಿ ಅಕ್ಕ ಫೋನ್ ಮಾಡಿ, ಅಡುಗೆ ಕಲಿಸುವ ಕೋರ್ಸ್ ಒಂದಿದೆ, ಬಂದುಬಿಡು ಅಂದಳು. ಹೊರಟೆ.

ಅದು ಸಿಡ್ನಿಯಲ್ಲಿ ಒಲಿಂಪಿಕ್ ನಡೆದ ವರ್ಷ. ಒಬ್ಬ ಆಟಗಾರ ಆಸ್ಟ್ರೇಲಿಯಾಕ್ಕೆ ಹೊರಟಿದ್ದಾನೆ ಅಂದರೆ ಮತ್ತೇತಕ್ಕೆ ಹೋಗುತ್ತಾನೆ? ಖಾನಾಪುರದವರು ತಾವೇ ತೀರ್ಮಾನ ಮಾಡಿಕೊಂಡು ಸತ್ಕಾರ ಇಟ್ಟರು. ಶಾಲು, ತೆಂಗಿನಕಾಯಿ, ತಲೆಗೆ ಫೇಟಾ, ಕನ್ನಡದಲ್ಲೊಂದು ಭಾಷಣ, ಮರಾಠಿಯಲ್ಲೊಂದು. ನಾನು ಅಡುಗೆ ಕಲಿಯಲು ಹೋಗುತ್ತಿದ್ದೇನೆ ಅಂತ ಮೈಕಿನಲ್ಲೇ ಹೇಳಿದೆ. ಹುಡುಗನಿಗೆ ಎಷ್ಟು ವಿನಯ ನೋಡಿ ಅಂತ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಒಮ್ಮೆ ಹೊದಿಸಿದ ಶಾಲನ್ನು ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವಿಮಾನ ಹತ್ತಿದೆ.

ಅಕ್ಕ ಇದ್ದ ಬಡಾವಣೆಯ ಹೆಸರು ಸನ್‌ಶೈನ್, ಬಿಸಿಲು ಅಂತ. ಜೂನ್ ತಿಂಗಳಲ್ಲಿ ಅಲ್ಲಿ ಹಲ್ಲು ಕಟಕಟ. ಅನಗೋಳದ ಓಣಿಯಲ್ಲಿ ನಾನು ಸೀನಿದರೆ ಎದುರು ಮನೆಯ ಕಾಕು ಶುಂಠಿ ಹಾಕಿದ ಚಹಾ ಕಳಿಸುತ್ತಿದ್ದಳು. ಅಲ್ಲಿ ಬಾಜು ಮನೆಯವನ ಮುಖ ನೋಡಿದ್ದು, ಅವನ ಕಸದ ಡಬ್ಬಿ ಗಾಳಿಗೆ ಉರುಳಿ ನಮ್ಮ ಬಾಗಿಲಿಗೆ ಬಂದಾಗ. ಜೋಳದ ಹಿಟ್ಟು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪಾರಿವಾಳಕ್ಕೆ ಹಾಕುವ ಕಾಳಿನ ಚೀಲದಲ್ಲಿ ಅಕ್ಕ ಕೆಂಪು ಜೋಳ ಕಂಡುಹಿಡಿದು, ಆರಿಸಿ, ಮಿಕ್ಸರಿಗೆ ಹಾಕಿ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಸದ್ದಿಗೆ ಮೇಲಿನ ಮನೆಯವರು ಒಮ್ಮೆ ಬಂದು ಎಲ್ಲ ಕ್ಷೇಮವಾ ಅಂತ ವಿಚಾರಿಸಿದರು. ಅದೇ ಅವರು ಮೊದಲು ಮಾತಾಡಿಸಿದ್ದು, ಅದೇ ಕೊನೆ.

ಕಾಲೇಜಿನ ಜೊತೆಗೆ ಒಂದು ಉಣ್ಣೆ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಬಾಗಿಲು ದಾಟಿದಾಗ ಕಾಲು ನಿಂತುಬಿಟ್ಟಿತು. ಹಸಿ ಉಣ್ಣೆಯ ವಾಸನೆ, ನಮ್ಮ ಅಜ್ಜನ ಕಂಬಳಿಯ ವಾಸನೆ. ಇಡೀ ದೇಶದಲ್ಲಿ ನನ್ನ ಪರಿಚಯ ಇದ್ದದ್ದು ಅದಕ್ಕೊಂದಕ್ಕೇ.

ಅಲ್ಲಿ ಸಿಕ್ಕವನು ಡೆನ್ನಿ. ನಲವತ್ತು ದಾಟಿದವನು, ಒಂದು ಕಾಲು ಎಳೆದು ನಡೆಯುತ್ತಿದ್ದ. ಒಂದು ದಿನ ಯಾರೋ ಮೂಟೆಗಳ ಆಚೆಯಿಂದ ಕೈಗವಸು ಎಸೆದರು. ನಾನು ಒಂದು ಮೂಟೆಗೆ ಕಾಲು ಕೊಟ್ಟು ಹಾರಿ, ಗಾಳಿಯಲ್ಲೇ ಹಿಡಿದು ಇಳಿದೆ. ಡೆನ್ನಿ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟ. ಅವನ ಮಾತನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ. ಅವನ ಇಂಗ್ಲಿಷ್ ನನ್ನ ತಲೆಯೊಳಗೆ ಹೋಗುವಷ್ಟರಲ್ಲಿ ಬೆಳಗಾವಿಯದೇ ಆಗುತ್ತಿತ್ತು.

“ಇನ್ನೊಮ್ಮಿ ಹಾರು.”

“ಯಾಕ?”

“ಹಾರಲೇ ಸುಮ್ಮ.”

ಹಾರಿದೆ. ಆ ವಾರವೇ ನನ್ನನ್ನು ತನ್ನ ಬಡಾವಣೆಯ ಕ್ಲಬ್ಬಿಗೆ ಕರೆದುಕೊಂಡು ಹೋದ.

ಡೆನ್ನಿಯ ಕಥೆ ಕ್ಲಬ್ಬಿನ ಬಾರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಡುಗನಾಗಿದ್ದಾಗ ದೂರದ ಕುರಿ ಸಾಕುವ ಊರಿನಿಂದ ಅವನನ್ನು ಒಂದು ದೊಡ್ಡ ತಂಡ ಆರಿಸಿ ತಂದಿತ್ತಂತೆ. ಇಂಥವನು ಹಿಂದೆ ಹುಟ್ಟಿರಲಿಲ್ಲ ಅಂದಿದ್ದರಂತೆ. ಮುಂದೆ ಏನೂ ಆಗಲಿಲ್ಲ. ಆ ಊರಿನ ಒಂದೊಂದು ಬಾರಿನಲ್ಲೂ ಇಂಥವನೊಬ್ಬ ಕೂತಿರುತ್ತಾನೆ, ‘ಇವನು ಏನೋ ಆಗಬೇಕಿತ್ತು’ ಅನ್ನಿಸಿಕೊಳ್ಳುವವನು. ನಮ್ಮ ಖಾನಾಪುರ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹಳೆಯ ಪೈಲವಾನರು ಕೂರುವುದಿಲ್ಲವೇ, ಥೇಟ್ ಹಾಗೆ. ನಮ್ಮಲ್ಲಿ ಅಂಥವನಿಗೆ ಚಹಾ ಕೊಡಿಸುತ್ತಾರೆ, ಅಲ್ಲಿ ಬಿಯರ್ ಕೊಡಿಸುತ್ತಾರೆ. ಎರಡೂ ಕಡೆ ಕೊಡಿಸಿದವನು ಬೆನ್ನು ಹಿಂದೆ ನಗುತ್ತಾನೆ.

ಓಟ, ಹಿಡಿತ, ಎಲ್ಲ ಬೇಗ ಕಲಿತೆ. ಬೆನ್ನು ಹತ್ತುವುದು ಮಾತ್ರ ಆಗಲಿಲ್ಲ. ಕಾರಣ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಪುಸ್ತಕಕ್ಕೆ ತಾಗಿದರೂ ಅಷ್ಟೆ, ಪೊರಕೆಗೆ ತಾಗಿದರೂ ಅಷ್ಟೆ. ಖೋಖೋದಲ್ಲಿ ಕೂತವನ ಕಾಲು ತುಳಿದರೂ ಓಡುತ್ತಲೇ ಕೈ ಕಣ್ಣಿಗೆ ಹೋಗಿ ಬರುತ್ತಿತ್ತು. ಅದು ನಾನು ಮಾಡುವುದಲ್ಲ, ಕೈ ತಾನೇ ಮಾಡುವುದು.

ಊಟದ ಬಿಡುವಿನಲ್ಲಿ ಡೆನ್ನಿ ಮೂಟೆಗಳ ನಡುವೆ ಬಗ್ಗಿ ನಿಲ್ಲುತ್ತಿದ್ದ. ನಾನು ಅವನ ಬೆನ್ನಿಗೆ ಮೊಣಕಾಲು ಊರಿ ಹಾರಬೇಕು. ಹಾರಿ ಇಳಿದು, ಅವನ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ.

“ಏ ಮಲ್ಲೂ, ನನ್ನ ಬೆನ್ನೇನ ಗುಡಿ ಹೊಸ್ತಿಲಾ? ಹಗಲೆಲ್ಲಾ ಮುಟ್ಟಿ ನಮಸ್ಕಾರ ಮಾಡ್ತಿಯಲ್ಲಾ.”

“ನೀ ದೊಡ್ಡಾಂವ ಅದಿ, ಡೆನ್ನಿ.”

“ನಾ ದೊಡ್ಡಾಂವ ಆಗಿದ್ರ ಈ ಗೋದಾಮಿನ್ಯಾಗ ಯಾಕ ಇರ್ತಿದ್ನೆಪಾ? ತುಳಿ.”

ಬರಬರುತ್ತಾ ಒಂದು ಹದ ಸಿಕ್ಕಿತು. ಮೊದಲು ಹತ್ತು, ಹಿಡಿ, ಇಳಿ. ಹಿಡಿದ ಮೇಲೆ ಒದೆಯಲು ಪುರಸೊತ್ತು ಇರುತ್ತದಲ್ಲ, ಆಗ ಆ ಮನುಷ್ಯನನ್ನು ಮುಟ್ಟಿ ಕಣ್ಣಿಗೆ ಒತ್ತಿಕೋ. ಆ ಚಳಿಗಾಲವಿಡೀ ಹಾಗೇ ಆಡಿದೆ. ಜನ ನನ್ನನ್ನು ನೋಡಲು ಬರತೊಡಗಿದರು. ಊರಿನ ಸಣ್ಣ ಪತ್ರಿಕೆಯಲ್ಲಿ ನನ್ನ ಫೋಟೊ ಬಂತು, ಬಾಯಿ ತೆರೆದು ಒಬ್ಬನ ಹೆಗಲ ಮೇಲೆ ನಿಂತಂತೆ. ಅಪ್ಪ ಫೋನಿನಲ್ಲಿ ಕೇಳುತ್ತಿದ್ದುದು ಬೇರೆ.

“ಒಲಿಂಪಿಕ್ ಮುಗೀತಲ್ಲೋ. ಟಿವಿಯಾಗ ನಿನ್ನ ಹುಡಿಕ್ಯಾಡಿ ಮಂದಿಗೆ ಕಣ್ಣು ನೋವು ಬಂದಾವು.”

“ಅಪ್ಪಾ, ನಾ ಅದರಾಗ ಇರಲಿಲ್ಲ.”

“ಅದು ನನಗ ಗೊತ್ತೈತಿ. ಅವರಿಗೆ ಏನ ಹೇಳ್ಲಿ?”

ಕೆಲಸಕ್ಕೆ ಹೊತ್ತಾಯಿತು ಅಂತ ಫೋನ್ ಇಟ್ಟೆ. ಮುಂದಿನ ಮಾರ್ಚ್ ಬಂತು. ಅಷ್ಟರಲ್ಲಿ ಕೋರ್ಸ್ ಮುಗಿದಿತ್ತು, ತಿಂಗಳ ಕೊನೆಗೆ ವೀಸಾ ಮುಗಿಯುವುದಿತ್ತು. ಆಗ ಮೇಲಿನ ಲೀಗಿನ ತಂಡವೊಂದು ಅಭ್ಯಾಸ ಪಂದ್ಯಕ್ಕೆ ಕರೆಯಿತು. ಚೆನ್ನಾಗಿ ಆಡಿದರೆ ಪಟ್ಟಿಗೆ ಸೇರಿಸುತ್ತೇವೆ, ಉಳಿಯುವ ಕಾಗದಪತ್ರದ ವ್ಯವಸ್ಥೆ ನೋಡುತ್ತೇವೆ ಅಂದರು. ಸೇರಿದರೆ ಆಟಗಾರ. ಇಲ್ಲದಿದ್ದರೆ ಶಾಲು ಹೊದಿಸಿದವರ ಮುಂದೆ ಹೋಗಿ ನಿಲ್ಲಬೇಕು.

ಮೊದಲ ಪಂದ್ಯ. ಚೆನ್ನಾಗಿಯೇ ಆಡಿದೆ. ಕೊನೆಯ ಹೊತ್ತಿನಲ್ಲಿ ಎತ್ತರದ ಚೆಂಡು ಬಂತು. ನನ್ನ ಮುಂದಿದ್ದ ಎದುರಾಳಿಯ ಭುಜ ಏರಿದೆ. ಚೆಂಡು ಬೆರಳಿಗೆ ತಾಗಿ ಜಾರಿತು. ಇಳಿಯುವಾಗ ನನ್ನ ಬೂಟು ಅವನ ತಲೆಗೆ ಬಡಿಯಿತು. ತಲೆಗೆ, ತಿಳಿಯಿತಲ್ಲ? ಚೆಂಡು ನನ್ನ ಕಾಲ ಬಳಿಯೇ ಬಿದ್ದಿತ್ತು. ನಾನು ಬಗ್ಗಿದೆ, ಚೆಂಡು ಎತ್ತಲು ಅಲ್ಲ. ಅವನ ತಲೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಅವನೇ ಚೆಂಡು ಎತ್ತಿಕೊಂಡು ಓಡಿ ಗೋಲ್ ಹೊಡೆದ. ನೋಡುತ್ತಿದ್ದವರು ಬಿದ್ದು ಬಿದ್ದು ನಕ್ಕರು.

ಕೋಚ್ ನಗಲಿಲ್ಲ. ನಿನ್ನಲ್ಲಿ ಎಲ್ಲ ಇದೆ, ಆದರೆ ಆ ಕೈ ನನಗೆ ಬೇಡ ಅಂದ. ಎರಡು ವಾರ ಬಿಟ್ಟು ಇನ್ನೊಂದು ಪಂದ್ಯ, ಅದೇ ಕೊನೆ.

ಆ ಎರಡು ವಾರ ನಾನು ಮನುಷ್ಯನಾಗಿರಲಿಲ್ಲ. ಟ್ರಾಮಿನಲ್ಲಿ ಬೇಕೆಂದೇ ಯಾರದೋ ಕಾಲಿಗೆ ಕಾಲು ತಾಗಿಸಿ, ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಮುಷ್ಟಿ ಮಾಡಿ ಹಿಡಿದುಕೊಳ್ಳುತ್ತಿದ್ದೆ. ಉಗುರು ಅಂಗೈಗೆ ನಾಟುತ್ತಿತ್ತು. ಡೆನ್ನಿ ಬಗ್ಗಿ ನಿಲ್ಲುತ್ತಿದ್ದ, ನಾನು ತುಳಿಯುತ್ತಿದ್ದೆ, ಕೈ ಎದ್ದರೆ ಅವನು ತಲೆ ಅಲ್ಲಾಡಿಸುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕನ ಕಾಲು ತುಳಿದೆ. ಬೇಕೆಂದು ಅಲ್ಲ, ಖರೇನೇ. ಕೈ ಏಳಲಿಲ್ಲ. ಒಳಗೊಳಗೇ ಖುಷಿಯಾಯಿತು.

“ನನ್ನ ಕಾಲ ತುಳದಿ,” ಅಂದಳು ಅಕ್ಕ.

“ಹೂಂ ಅಕ್ಕಾ, ಗೊತ್ತಾತು.”

“ಗೊತ್ತಾಗಿ ಸುಮ್ಮ ನಿಂತಿಯಲ್ಲೋ. ಕೈಗೇನಾಗೇತಿ?”

“ರೂಢಿ ಮಾಡ್ಕೊಳ್ಳಾಕತ್ತೀನಿ. ಆಟಕ್ಕ ಬೇಕು.”

“ಅಕ್ಕನ್ನ ತುಳಿಯೂದು ಯಾವ ಆಟಪಾ ಅದು?” ತವೆಯ ಮೇಲಿನ ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿದಳು. “ತಿನ್ನು. ನಂಗ ಡ್ಯೂಟಿ ಐತಿ.”

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ನಾನು ಅವಳನ್ನು ಹಿಂದಿನಿಂದ ಕರೆಯಲಿಲ್ಲ. ನನಗೆ ಆ ಪಟ್ಟಿಯಲ್ಲಿ ಹೆಸರು ಬೇಕಿತ್ತು.

ಎರಡನೆಯ ಪಂದ್ಯದಲ್ಲಿ ಕೈ ಒಮ್ಮೆಯೂ ಏಳಲಿಲ್ಲ. ಕಾಲೂ ಏಳಲಿಲ್ಲ. ಚೆಂಡು ಮೇಲೆ ಬಂತು, ಮುಂದೆ ಬೆನ್ನು ಇತ್ತು, ನಾನು ಓಡಿ ಹೋಗಿ ಅದರ ಹಿಂದೆ ನಿಂತೆ, ಬಸ್ಸಿಗೆ ಕಾದವನ ಹಾಗೆ. ಮತ್ತೊಮ್ಮೆ ಬಂತು, ಮತ್ತೊಮ್ಮೆ ನಿಂತೆ. ಗೋದಾಮಿನಲ್ಲಿ ಕೈ ಎತ್ತದೆ ತುಳಿದದ್ದು ಡೆನ್ನಿಯನ್ನು, ಪರಿಚಯದವನನ್ನು. ಇವರು ಯಾರೋ. ತುಳಿದು ಕ್ಷಮೆ ಕೇಳುವುದು ನನಗೆ ಗೊತ್ತಿತ್ತು. ಬರೀ ತುಳಿಯುವುದು ಗೊತ್ತಿರಲಿಲ್ಲ. ಇಷ್ಟು ಅರ್ಥವಾಗುವಷ್ಟರಲ್ಲಿ ಕೋಚ್ ನನ್ನನ್ನು ಹೊರಗೆ ಕರೆದಿದ್ದ.

ಡೆನ್ನಿ ತನ್ನ ಹಳೆಯ ಕಾರಿನಲ್ಲಿ ಮನೆಗೆ ಬಿಟ್ಟ.

“ಮಂದಿಗೆ ನನ್ನ ಮೊಣಕಾಲು ಹೋತು ಅಂತ ಹೇಳ್ತೀನಿ,” ಅಂದ. “ಮೊಣಕಾಲು ಆಮ್ಯಾಲ ಹೋಗಿದ್ದು. ಪಂದ್ಯ ಮುಗದ ಕೂಡ್ಲೇ ನಾ ಊರಿಗೆ ಓಡಿ ಹೋಗ್ತಿದ್ದೆ. ರಾತ್ರಿಯೆಲ್ಲಾ ಗಾಡಿ ಹೊಡದು, ಕುರಿ ನೋಡಾಕ. ಕ್ಲಬ್ಬಿನವರು ಬ್ಯಾಡ ಅಂದ್ರು, ನಾ ಬಿಡಲಿಲ್ಲ. ಕಡೀಕ ಅವರ ನನ್ನ ಬಿಟ್ರು.”

“ಆಮ್ಯಾಲ ಊರಿಗೆ ಹೋದ್ಯಾ?”

“ಯಾವ ಮುಖಾ ತಗೊಂಡು ಹೋಗ್ಲಿ? ಹೆಸರ ಮಾಡಿ ಬರ್ತಾನಂತ ಕುಂತಿದ್ರು.”

ನನ್ನ ಪೆಟ್ಟಿಗೆಯಲ್ಲಿ ಶಾಲು ಹಾಗೇ ಇತ್ತು.

ವೀಸಾ ಮುಗಿಯುವ ಮೊದಲೇ ವಾಪಸ್ ಬಂದೆ. ಅಪ್ಪ ಬೆಳಗಾವಿ ಸ್ಟೇಷನ್ನಿಗೆ ಬಂದಿದ್ದ. ಪೆಟ್ಟಿಗೆ ತಾನೇ ಹೊತ್ತ. ಖಾನಾಪುರದ ಪ್ಯಾಸೆಂಜರ್ ಹತ್ತಿದೆವು. ದೇಸೂರಿನಲ್ಲಿ ರುಮಾಲು ಸುತ್ತಿದ ಮುದುಕರೊಬ್ಬರು ಹತ್ತಿ ಕೆಳಗೆ ಕೂತರು. ಗಾಡಿ ಜಗ್ಗಿದಾಗ ನನ್ನ ಬೂಟು ಅವರ ಪಾದದ ಮೇಲೆ ಬಿತ್ತು, ಜೋರಾಗಿಯೇ. ಅವರು ವಾಡಿಕೆಯಂತೆ, ಇರಲಿ ಬಿಡು ಅನ್ನಲು ಕೈ ಎತ್ತಿದರು. ನಾನು ಮುಟ್ಟಲು ಬಗ್ಗುತ್ತೇನೆ, ಅವರು ತಡೆಯಬೇಕು, ಹಾಗಲ್ಲವೇ ಅದು ನಡೆಯುವುದು? ನಾನು ಬಗ್ಗಲಿಲ್ಲ. ಕೈ ಜೇಬಿನಲ್ಲಿ ಮುಷ್ಟಿಯಾಗಿತ್ತು. ಮುದುಕರ ಕೈ ಮೇಲೆಯೇ ನಿಂತಿತು. ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಬೂಟು ನೋಡಿದರು.

ಅಪ್ಪ ಪೆಟ್ಟಿಗೆ ಪಕ್ಕಕ್ಕಿಟ್ಟು ಬಗ್ಗಿದ. ಮುದುಕರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

“ಹುಡುಗ ಭಾಳ ದೂರದಿಂದ ಬಂದಾನ್ರೀ ಯಜಮಾನ್ರ. ತಪ್ಪ ತಿಳೀಬ್ಯಾಡ್ರಿ.”

“ಎಲ್ಲಿಯವ್ರಿ ಅವ?”

ಅಪ್ಪ ಪೆಟ್ಟಿಗೆ ಹತ್ತಿರಕ್ಕೆ ಎಳೆದುಕೊಂಡು, “ನಮ್ಮಾಂವ ಅದಾನ್ರಿ,” ಅಂದ.

ನಾನು ಪಾರಿಶ್ವಾಡದಲ್ಲಿ ಉಳಿಯಲಿಲ್ಲ. ಅನಗೋಳದ ಅದೇ ಓಣಿಗೆ ಬಂದೆ, ಇಲ್ಲೇ ಇದ್ದೇನೆ, ಒಂದು ಹೋಟೆಲಿನ ಅಡುಗೆ ನೋಡಿಕೊಳ್ಳುತ್ತೇನೆ. ಖಾನಾಪುರಕ್ಕೆ ಹೋದರೆ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈಗಲೂ ಯಾರಾದರೂ ಚಹಾ ಕೊಡಿಸುತ್ತಾರೆ. ಕೈ ಕಣ್ಣಿಗೆ ಹೋಗುವ ರೂಢಿ ತಿರುಗಿ ಬಂದಿದೆ, ಆದರೆ ತಾನಾಗಿ ಅಲ್ಲ. ಕಾಲು ತಾಗಿದ ಮೇಲೆ ಒಂದು ಗಳಿಗೆ ನೆನಪು ಮಾಡಿಕೊಳ್ಳಬೇಕು. ಆ ಒಂದು ಗಳಿಗೆಯಲ್ಲಿ ನಾನು ಅಲ್ಲಿಯವನೂ ಅಲ್ಲ, ಇಲ್ಲಿಯವನೂ ಅಲ್ಲ. ಅಕ್ಕ ಅಲ್ಲಿಯೇ ಇದ್ದಾಳೆ. ಪ್ರತಿ ಫೋನಿನಲ್ಲೂ ಅವಳ ಕಾಲಿನ ಮಾತು ನನ್ನ ಬಾಯಿಗೆ ಬರುತ್ತದೆ, ಅಷ್ಟರಲ್ಲಿ ಅವಳು ಊಟ ಆತಾ ಅಂತ ಕೇಳುತ್ತಾಳೆ.

ಗೆದ್ದು ಬಂದವರ ಕಥೆ ನಾನು ಬೇಕಾದಷ್ಟು ಓದಿದ್ದೇನೆ. ಏನೋ ಆಗುತ್ತೀರಿ ಅಂತ ಊರು ಶಾಲು ಹೊದಿಸಿ ಕಳಿಸಿ, ಆಗದೆ ತಿರುಗಿ ಬಂದವರು ಇಲ್ಲಿ ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ನೀವು ಅಲ್ಲಿ ಬಿಟ್ಟುಬಂದದ್ದು ಏನು, ಅದು ತಿರುಗಿ ಬಂತಾ, ಅಷ್ಟು ಹೇಳಿದರೂ ಸಾಕು. ನಾನು ಒಂದೊಂದನ್ನೂ ಓದುತ್ತೇನೆ.