ಅಟ್ಟಕ್ಕೇರಿದ ನಾಲ್ಕು ಡಬ್ಬಿ

ಹೂನೊಣವನ್ನು ಜೇನೆಂದುಕೊಂಡು ದೂರ ಸರಿಯುವವರೇ ಹೆಚ್ಚು. ಹೊಟ್ಟೆಯ ಮೇಲೆ ಹಳದಿ ಪಟ್ಟೆ ಇರುತ್ತದೆ, ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಆದರೆ ಕಚ್ಚುವುದಿಲ್ಲ, ಕುಟುಕುವುದಿಲ್ಲ. ತಿಪಟೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನಾನು ಇವುಗಳ ಹಿಂದೆ ಬಿದ್ದು ಮದುವೆ ಮನೆಗಳಲ್ಲೂ ನಗೆಪಾಟಲಾಗಿದ್ದೇನೆ. ನಗಲಿ ಬಿಡಿ, ಅವರ ಗಂಟೇನು ಹೋಯಿತು!

ನಮ್ಮ ತೋಟ, ಮನೆ ಇರುವುದು ಚಿಕ್ಕನಾಯಕನಹಳ್ಳಿಯ ದಾರಿಯಲ್ಲಿ. ತೆಂಗಿನ ಸಾಲುಗಳ ನಡುವೆ ಅಪ್ಪ ಅವರೆ ಹಾಕುತ್ತಾನೆ. ಚಳಿ ಬಂತೆಂದರೆ ಅವರೆಯ ಕುಡಿಗೆಲ್ಲ ಸಸ್ಯಹೇನು, ಆ ಹೇನು ತಿನ್ನಲು ಹೂನೊಣದ ಮರಿಹುಳುಗಳು. ಅಲ್ಲೇ ನನಗೆ ಆ ಕಪ್ಪು ನೊಣ ಸಿಕ್ಕಿದ್ದು. ಪಟ್ಟೆ ಇರಬೇಕಾದ ಕಡೆಯೆಲ್ಲ ಕಪ್ಪು. ಬೇಸಿಗೆಯಲ್ಲಿ ಹುಡುಕಿದರೆ ಅಂಥದ್ದು ಒಂದೂ ಇಲ್ಲ, ಬರೀ ಹಳದಿ ಪಟ್ಟೆಯವು. ನಾಲ್ಕು ಚಳಿಗಾಲ ಹಿಡಿದೆ, ಸೂಜಿಗೆ ಚುಚ್ಚಿದೆ, ಕಾಲಿನ ಕೂದಲು, ರೆಕ್ಕೆಯ ನರ ಎಲ್ಲ ನೋಡಿ ಬರೆದೆ. ಚಳಿಗಾಲದಲ್ಲಷ್ಟೇ ಹಾರುವ ಹೊಸ ಪ್ರಭೇದ ಇದು ಅನ್ನಿಸಿತು. ಹೆಸರನ್ನೂ ಗೊತ್ತುಮಾಡಿಬಿಟ್ಟೆ. ಅಪ್ಪನ ಹೆಸರಿಗೇ ಒಂದು ಲ್ಯಾಟಿನ್ ಬಾಲ.

ಅದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಸುದ್ದಿ ಕೊಬ್ಬರಿ ಮಂಡಿಯವರೆಗೂ ಹೋಯಿತು. ಮಾಯಸಂದ್ರದ ಸೋದರತ್ತೆ ಫೋನ್ ಮಾಡಿ, ನೊಣಕ್ಕೆ ನಮ್ಮಣ್ಣನ ಹೆಸರಂತೆ, ಇದು ಮರ್ಯಾದೆಯೋ ಅವಮಾನವೋ ಎಂದು ವಿಚಾರಿಸಿದರು. ಅಪ್ಪ ದಿನಾ ಸಂಜೆ ಕೇಳುತ್ತಿದ್ದುದು ಒಂದೇ ಮಾತು.

"ನಮ್ ನೊಣ ಪುಸ್ತಕದಾಗೆ ಯಾವಾಗ ಬತ್ತದೆ ಕಣವ್ವ?"

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವನ ಹೆಸರು ಅಚ್ಚಾಗಿದ್ದದ್ದು ಮತದಾರರ ಪಟ್ಟಿಯಲ್ಲಿ, ಲಗ್ನಪತ್ರಿಕೆಯಲ್ಲಿ, ಅಷ್ಟೆ.

ಲೇಖನ ಕಳಿಸುವ ಮುಂಚೆ, ಈ ವಿಷಯ ಬಲ್ಲ ಹಿರಿಯರೊಬ್ಬರು ಫೋನಿನಲ್ಲಿ ಒಂದು ಕೆಲಸ ಹೇಳಿದರು. ಕಪ್ಪು ಹೆಣ್ಣೊಂದರ ಮೊಟ್ಟೆಯಿಂದ ಮರಿ ಸಾಕಿ, ಮಕ್ಕಳೂ ಕಪ್ಪೇ ಬರುತ್ತವೆಯೇ ನೋಡಿ ಎಂದು. ಒಂದೇ ಹೆಣ್ಣಿನ ಮೊಟ್ಟೆಗಳಿಂದ ಮರಿ ಮಾಡಿಸಿ, ಅವರೆ ಹೇನು ತಿನ್ನಿಸಿ ಬೆಳೆಸಿದೆ. ಮರಿಗಳೆಲ್ಲ ಗೂಡಾದ ಮೇಲೆ ಎಂಟು ಡಬ್ಬಿಗಳಿಗೆ ಹಾಕಿ, ಹಿತ್ತಿಲ ಕೋಣೆಯ ತಣ್ಣೀರಿನ ಹಂಡೆಯ ಪಕ್ಕ ತಣ್ಣಗೆ ಜೋಡಿಸಿಟ್ಟೆ. ಆಮೇಲೆ ಎರಡು ವಾರ ತುಮಕೂರಿಗೆ ಮೌಲ್ಯಮಾಪನಕ್ಕೆ ಹೋದೆ.

ಬಂದು ನೋಡಿದರೆ ತಲೆಯೇ ಕೆಟ್ಟಿತು. ನಾಲ್ಕು ಡಬ್ಬಿಗಳಲ್ಲಿ ಕಪ್ಪು ನೊಣಗಳು ಹಾರಾಡುತ್ತಿದ್ದವು. ಉಳಿದ ನಾಲ್ಕರಲ್ಲಿ ಹಳದಿ ಪಟ್ಟೆಯವು, ಅವು ಆಗಲೇ ಸತ್ತು ಒಣಗಿದ್ದವು. ಒಂದೇ ತಾಯಿಯ ಮಕ್ಕಳು! ಹೇನಿಗೆಂದು ಕಿತ್ತು ತಂದ ಅವರೆ ಸೊಪ್ಪಿನ ಜೊತೆ ಬೇರೆ ಹೆಣ್ಣಿನ ಮೊಟ್ಟೆ ಬಂತೇ? ಬಂದಿದ್ದರೆ ಎಲ್ಲ ಡಬ್ಬಿಯಲ್ಲೂ ಬೆರಕೆ ಇರಬೇಕಿತ್ತು, ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಂತೆ ಇದೇಕೆ ಹೀಗೆ? ಚೀಟಿ ನೋಡಿದೆ, ನೋಟ್‌ಬುಕ್ ನೋಡಿದೆ, ನನ್ನ ಕಣ್ಣನ್ನೇ ನಂಬದೆ ಲೆನ್ಸ್ ಒರೆಸಿ ಒರೆಸಿ ನೋಡಿದೆ. ಒಂದು ವಾರ ಊಟ ಸೇರಲಿಲ್ಲ. ನನ್ನ ಸಾಮಾನು ಮುಟ್ಟಿದ್ದು ಯಾರು ಎಂದು ಮನೆಯವರ ಮೇಲೆಲ್ಲ ಹರಿಹಾಯ್ದೆ.

ಕೊನೆಗೆ ಅಪ್ಪ ಬಾಯಿಬಿಟ್ಟ. ನಾನು ಹೋದ ಮಾರನೇ ದಿನವೇ ಹಂಡೆಯ ಪಕ್ಕ ಇರುವೆ ಸಾಲು ಬಂದಿತ್ತಂತೆ. ಹೆಚ್ಚುಕಡಿಮೆ ಒಂದು ವರ್ಷ ಕಾಯಿಗಳನ್ನು ಅಟ್ಟದಲ್ಲಿಟ್ಟು ಕೊಬ್ಬರಿ ಮಾಡುವವರು ನಾವು. ಬೆಲೆಬಾಳುವುದು ಏನೇ ಇದ್ದರೂ ಅಪ್ಪನ ಕೈ ಅದನ್ನು ಅಟ್ಟಕ್ಕೇ ಏರಿಸುತ್ತದೆ. ಇರುವೆ ಹತ್ತಿರ ಬಂದಿದ್ದ ನಾಲ್ಕು ಡಬ್ಬಿಗಳನ್ನು ಅಲ್ಲಿಟ್ಟು, ನಾನು ಬರುವ ಹಿಂದಿನ ದಿನ ಇಳಿಸಿ ಇದ್ದ ಜಾಗದಲ್ಲೇ ಇಟ್ಟಿದ್ದ. ಅಟ್ಟದ ಕೆಳಗೆ ಒಲೆ, ಮೇಲೆ ಶೀಟು. ಹಗಲೂ ರಾತ್ರಿ ಬೆಚ್ಚಗೆ.

ಬೆಚ್ಚಗಿದ್ದ ಗೂಡುಗಳಿಂದ ಬೇಗನೇ ಹಳದಿ ನೊಣಗಳು ಬಂದಿದ್ದವು, ತಣ್ಣಗಿದ್ದವುಗಳಿಂದ ತಡವಾಗಿ ಕಪ್ಪು ನೊಣಗಳು. ಎರಡೂ ಒಂದೇ ನೊಣ, ಅದಕ್ಕೆ ಯಾರೋ ಎಂದೋ ಹೆಸರಿಟ್ಟಾಗಿದೆ. ಅಪ್ಪನಿಗೆ ಬಿಡಿಸಿ ಹೇಳಿದೆ. ಅವನು ಕೇಳಿದ.

"ಹಂಗಾರೆ ನಾನು ಮುಟ್ದೆ ಇದ್ದಿದ್ರೆ ನನ್ ಹೆಸ್ರು ಉಳೀತಿತ್ತೇನವ್ವ?"

ಉಳಿಯುತ್ತಿತ್ತು ಎಂದು ಎದ್ದು ಹೋದೆ. ಸಂಕಟವಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ತಿಳಿಯಲಿಲ್ಲ. ಡಬ್ಬಿಗಳಲ್ಲಿ ಬಣ್ಣ ಬದಲಾದ ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಫೋನಿನ ಹಿರಿಯರು ಮತ್ತೆ ಕೇಳಿರಲಿಲ್ಲ. ಮೂರು ದಿನ ಕಂಪ್ಯೂಟರ್ ಮುಂದೆ ಕೂತು ಆ ಲೇಖನವನ್ನು ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಅಪ್ಪ ಸಂಜೆ ಏನೂ ಕೇಳುತ್ತಿರಲಿಲ್ಲ.

ನಾಲ್ಕನೇ ದಿನ ಬಸ್ಸಿಗೆ ಕಾಯುತ್ತಿದ್ದಾಗ ಟೀ ಅಂಗಡಿಯವರು ಮಾತಿಗೆಳೆದರು. ನೊಣದ ಕಥೆ ಏನಾಯಿತು ಎಂದು ಅವರು ಅಪ್ಪನನ್ನು ಕೇಳಿದ್ದರಂತೆ. ಅಪ್ಪ ಕೊಟ್ಟ ಉತ್ತರವನ್ನು ನನಗೆ ಒಪ್ಪಿಸಿದರು.

"ಅದು ಹೊಸಾದಲ್ವಂತೆ. ನನ್ ಮಗ್ಳು ಸುಳ್ಳು ಬರ್ಯಲ್ಲ ಅಂತ ಹೇಳವ್ಳೆ ಕಣ್ರೀ."

ನಾನು ಹಾಗೆ ಹೇಳಿಯೇ ಇರಲಿಲ್ಲ.