ಬೇಲಿ ಕೆಳಗಿನ ಹುಲ್ಲು

ಅದು ಯಾವ ನಕ್ಷತ್ರದ ಸದ್ದೂ ಅಲ್ಲ. ನಾನು ಕೊಯ್ಯದೆ ಬಿಟ್ಟ ಹುಲ್ಲಿನ ಸದ್ದು. ನಡೆದದ್ದು ಇಷ್ಟೇ.

ಮಗಳ ಮಗಳು ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಬೇರೆ ನಕ್ಷತ್ರಗಳ ಸುತ್ತಲೂ ಗ್ರಹಗಳಿವೆಯಂತೆ, ಅವುಗಳಿಂದ ರೇಡಿಯೋ ಅಲೆ ಬರಬಹುದಂತೆ. ಅದನ್ನು ಹುಡುಕುವುದು ಅವಳ ಪ್ರಾಜೆಕ್ಟು. ಎಸ್.ಎಸ್. ಬಡಾವಣೆಯ ಮನೆಯಲ್ಲಿ ಅಕ್ಕಪಕ್ಕದ ಮಿಕ್ಸಿ, ಮೋಟರಿನ ಗದ್ದಲವೇ ರೇಡಿಯೋದಲ್ಲಿ ಕೇಳುತ್ತದೆಂದು ಕೊಂಡಜ್ಜಿ ಊರಿನ ನಮ್ಮ ಹೊಲಕ್ಕೆ ಬಂದಳು. ಅಲೆ ಹಿಡಿಯಲು ಬಿದಿರು ನೆಟ್ಟು ತಂತಿ ಎಳೆದಳು. ಹೊಲದ ಮನೆಯೊಳಗೆ ರೇಡಿಯೋ ಪೆಟ್ಟಿಗೆ ಇಟ್ಟುಕೊಂಡು ಕೂತಳು.

"ಹಗಲೊತ್ತು ಎಲ್ಲಿ ಕಾಣ್ತಾವ ನಿನ್ನ ನಕ್ಷತ್ರ?" ಎಂದೆ.

"ನೋಡಾಕಲ್ಲಜ್ಜಿ, ಕೇಳಾಕೆ. ಹಗಲೂ ಅವು ಅಲ್ಲೇ ಇರ್ತಾವೆ."

ಮೆಕ್ಕೆಜೋಳಕ್ಕೆ ಹಂದಿ ಬೀಳದಂತೆ ಮಗ ಸೋಲಾರ್ ಕರೆಂಟಿನ ಬೇಲಿ ಹಾಕಿಸಿದ್ದಾನೆ. ಬೆಳಗಿನ ಹೊತ್ತೂ ಹಂದಿ ನುಗ್ಗುತ್ತವೆ, ಹಾಗಾಗಿ ಅದನ್ನು ಆರಿಸಿಡುವಂತಿಲ್ಲ. ಬೇಲಿ ತಂತಿಗೆ ಹಸಿ ಹುಲ್ಲು ತಾಗಿದರೆ ಕಿಡಿ ಹಾರುತ್ತದೆ, ಆ ಕಿಡಿ ತನ್ನ ಪೆಟ್ಟಿಗೆಯಲ್ಲೂ ಕೇಳುತ್ತದೆ ಎಂದು ಹುಡುಗಿ ಮೊದಲ ದಿನವೇ ಹೇಳಿದ್ದಳು. ಬೇಲಿ ಕೆಳಗಿನ ಹುಲ್ಲು ಕೊಯ್ಯುವುದು ನನ್ನ ಪಾಲಿನ ಕೆಲಸ. ಈ ಸಲ ಮಂಡಿ ಬಗ್ಗಲಿಲ್ಲ. ಮನೆ ಹತ್ತಿರದ ನಾಲ್ಕು ಮಾರು ಕೊಯ್ದು ಸಾಕು ಮಾಡಿದೆ.

"ಹುಲ್ಲು ಕೊಯ್ದ್ಯಾ ಅಜ್ಜಿ?"

"ಎಲ್ಲಾ ಕೊಯ್ದೀನಿ."

ಅವಳು ಹೋಗಿ ನೋಡಲಿಲ್ಲ. ಅಜ್ಜಿ ಹೇಳಿದ ಮೇಲೆ ನೋಡುವುದೇನು?

ಒಂದು ಬೆಳಿಗ್ಗೆ ಪೆಟ್ಟಿಗೆಯಲ್ಲಿ ಚಟ್, ಚಟ್ ಎಂದು ಒಂದೇ ಸಮ ಬಂತು. ಬಿಸಿಲೇರಿದ ಮೇಲೆ ನಿಂತಿತು. ಮರುದಿನವೂ ಹಾಗೇ.

"ನಾನು ಕೇಳ್ತಿರೋ ನಕ್ಷತ್ರ ಮುಳುಗೋ ಹೊತ್ತಿಗೇ ನಿಲ್ತೈತಜ್ಜಿ," ಎಂದಳು. ಕೈಯಲ್ಲಿ ಹಿಡಿದ ರೊಟ್ಟಿ ಹಾಗೇ ಇತ್ತು.

ನನಗೆ ಗೊತ್ತಾಗಿತ್ತು. ಸೊಪ್ಪು ಕೀಳಲು ಹೋದಾಗ ಹೊಲದ ಹಿಂದಿನ ಮೂಲೆಯಲ್ಲಿ ಅದೇ ಚಟ್ ಚಟ್ ಕೇಳಿದ್ದೆ. ಇಬ್ಬನಿ ಆರಿದರೆ ನಿಲ್ಲುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅವಳ ಖುಷಿ ಕೆಡುತ್ತದೆ ಅಂತಲ್ಲ. ಹೇಳಿದರೆ ನನ್ನ ಸುಳ್ಳು ಹೊರಗೆ ಬೀಳುತ್ತಿತ್ತು, ಹುಲ್ಲನ್ನೂ ಕೊಯ್ಯಬೇಕಾಗುತ್ತಿತ್ತು.

ಐದನೇ ದಿನ, "ಸೋಮವಾರ ಕಾಲೇಜಿನಾಗೆ ಎಲ್ಲರ ಮುಂದೆ ನಿಂತು ಇದನ್ನ ಹೇಳ್ಬೇಕಜ್ಜಿ" ಎಂದಳು. ನಗೆಪಾಟಲಾಗುವುದು ಅವಳು, ನಾನಲ್ಲ.

"ಏಳು, ಹೊರಗೆ ಬಾ" ಎಂದು ಹಿಂದಿನ ಮೂಲೆಗೆ ಕರೆದುಕೊಂಡು ಹೋದೆ. ಒದ್ದೆ ಹುಲ್ಲು ತಂತಿಗೆ ಒರಗಿತ್ತು. ಚಟ್, ಚಟ್. ಅವಳು ಬಗ್ಗಿ ನೋಡಿದಳು.

"ಕೊಯ್ದೀನಿ ಅಂದಿದ್ದ್ಯಲ್ಲ."

"ಅಂದಿದ್ದೆ."

"ಯಾವತ್ತು ಗೊತ್ತಾತು ನಿನಗೆ?"

"ಎರಡನೇ ದಿನ."

"ನಾನು ನಮ್ ಸರ್‌ಗೆ ಫೋನ್ ಮಾಡಿ ಸಿಕ್ತು ಅಂದಿದ್ದು ಮೂರನೇ ದಿನ."

ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಒಳಗೆ ಹೋಗಿ, ಐದು ದಿನದಿಂದ ಬರೆದಿಟ್ಟ ಐದು ಹಾಳೆಗೂ ಅಡ್ಡಗೆರೆ ಎಳೆದಳು.

"ಏನೂ ಸಿಗಲಿಲ್ಲ ಅಂತ ಬರಿ, ಮುಗೀತು" ಎಂದೆ.

"ಹಂಗನ್ನಾಕೂ ಸದ್ದಿಲ್ಲದ ಬೆಳಗು ಬೇಕಜ್ಜಿ. ನನ್ನ ಹತ್ರ ಒಂದೂ ಇಲ್ಲ. ಸೋಮವಾರಕ್ಕೆ ಉಳಿದಿರೋದು ಮೂರೇ ದಿನ."

ಮರುದಿನ ಬೆಳಕು ಹರಿಯುತ್ತಲೇ ಬೇಲಿಯ ಸ್ವಿಚ್ಚು ಆರಿಸಿ ಕುಡುಗೋಲು ಹಿಡಿದು ಹೋದೆ. ಮಂಡಿ ಬಗ್ಗದ್ದಕ್ಕೆ ಒದ್ದೆ ನೆಲದಲ್ಲೇ ಕೂತು, ಮೈ ಎಳೆದುಕೊಂಡು, ಹಿಂದಿನ ಮೂಲೆಯಿಂದ ಕೊಯ್ಯುತ್ತಾ ಬಂದೆ.