ತೆರೆಯ ಮೇಲೆ ಇರದ ಮಾತು

ಸಬ್‌ಟೈಟಲ್ ಓದುತ್ತಾ ಚಕ್ಕುಲಿ ತಿನ್ನುವುದು ನನ್ನಂಥ ನಿವೃತ್ತ ಇಂಜಿನಿಯರನಿಗೆ ಅಷ್ಟಾವಧಾನಕ್ಕೆ ಸಮ; ಓದಿದರೆ ಚಕ್ಕುಲಿ ಮೂಗಿಗೆ ತಾಗುತ್ತದೆ, ಅಗಿದರೆ ಆ ಸದ್ದಿಗೆ ಓದಿದ್ದು ಮರೆತುಹೋಗುತ್ತದೆ. ಹೆಂಡತಿ ಶಿಫ್ಟಿಗೆ ಹೋಗಿದ್ದ ಒಂದು ಶನಿವಾರ ಮಧ್ಯಾಹ್ನ, ಮಗಳು ಮೇಘನಾ ಲೈಬ್ರರಿಯಿಂದ ತಂದ ಹಳೆಯ ಕೊರಿಯನ್ ಸಿನಿಮಾದ ಮುಂದೆ ನಾನು ಇದೇ ಸಾಹಸದಲ್ಲಿ ತೊಡಗಿದ್ದೆ.

ಒಳಗೊಂದು ಅಳುಕು ಬೇರೆ. ಸುಖದುಃಖವನ್ನೆಲ್ಲ ಇಂಗ್ಲಿಷಿನಲ್ಲೇ ಹೇಳುವ ಹುಡುಗಿ ಇದ್ದಕ್ಕಿದ್ದಂತೆ ಅಪ್ಪನನ್ನೂ ಅಜ್ಜಿಯನ್ನೂ ಕೂರಿಸಿ ಅಪ್ಪ-ಮಗಳ ಜಗಳದ ಚಿತ್ರ ತೋರಿಸುವುದೆಂದರೆ ಏನರ್ಥ, ನೀವೇ ಹೇಳಿ. ಗಂಟೆಗೂ ಮೀರಿದ ದಾರಿಯ ಸ್ಕಾರ್‌ಬರೋದ ಆಸ್ಪತ್ರೆಯಲ್ಲಿ ತನಗೆ ಕೆಲಸ ಸಿಕ್ಕಾಗಿನಿಂದ, ಮೆಡೋವೇಲ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿದ್ದ ಹಳೆಯ ಕುಕ್ಕರು ಯಾರಿಗಾದರೂ ಬೇಕಾ ಎಂದು ಅವಳು ವಿಚಾರಿಸುತ್ತಿದ್ದಳು. ಮದುವೆಗೆ ಮೊದಲೇ ಮಗಳು ಬೇರೆ ಮನೆ ಮಾಡಿದರೆ ಇಲ್ಲಿನ ಕನ್ನಡದವರ ಸಂಕ್ರಾಂತಿಯ ಪಾಟ್‌ಲಕ್ ಊಟದಲ್ಲಿ ಯಾವ ಮುಖ ಹೊತ್ತು ಬಿಸಿಬೇಳೆಬಾತ್ ಬಡಿಸಲಿ? ನಿದ್ದೆ ಕೆಟ್ಟಿತ್ತು, ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ನನ್ನ ಅಮ್ಮನಿಗೆ ಇಂಗ್ಲಿಷ್ ಬಾರದು. ಹೀಗಾಗಿ ಮೇಘನಾ ಪ್ರತಿಯೊಂದು ಸಾಲನ್ನೂ ತನ್ನ ಮುರುಕು ಕನ್ನಡಕ್ಕೆ ತಿರುಗಿಸಿ ಅಜ್ಜಿಯ ಕಿವಿಗೆ ಹಾಕುತ್ತಿದ್ದಳು. ನಾನೋ, ವೃತ್ತಿಯ ಚಾಳಿ ಬಿಡದೆ, ತೆರೆಯ ಇಂಗ್ಲಿಷಿಗೂ ಅವಳ ಅನುವಾದಕ್ಕೂ ತಾಳೆ ನೋಡುತ್ತಿದ್ದೆ. ನೆಲದ ಮೇಲೆ ಗತ್ತಿನಿಂದ ಕೂತು, ಮೊದಲ ತುತ್ತು ತಾನೇ ಎತ್ತಿ, ಮಿಕ್ಕವರ ಮಾತಿಗೆ ಗಂಟಲು ಕೆರೆಯುವುದನ್ನೇ ಉತ್ತರವಾಗಿ ಕೊಡುವ ಕೊರಿಯನ್ ಅಪ್ಪನನ್ನು ನೋಡಿ ಅಮ್ಮ, ಇವನು ನಮ್ಮ ಪೈಕಿಯವನೇ ಇರಬೇಕು ಎಂದು ತೀರ್ಮಾನಿಸಿದಳು.

ಆ ಅಪ್ಪನ ಮುಂದೆ ಮಗಳು ಬಂದು ನಿಂತಳು. ಬಾಯಿ ಬಿಡಲಿಲ್ಲ, ತೆರೆಯ ಕೆಳಗೆ ಒಂದಕ್ಷರವೂ ಮೂಡಲಿಲ್ಲ. ಮೇಘನಾ ಮಾತ್ರ ಅನುವಾದ ನಿಲ್ಲಿಸಲಿಲ್ಲ.

“ಅವಳು ಹೇಳ್ತಾಳೆ ಅಜ್ಜಿ, ನಾನು ಅಪಾರ್ಟ್‌ಮೆಂಟ್ ನೋಡಿದೀನಿ, ನೆಕ್ಸ್ಟ್ ಮಂತ್ ಮೂವ್ ಆಗ್ತೀನಿ. ಕೋಪ ಇಲ್ಲ ಅಪ್ಪನ ಮೇಲೆ.”

ಸಿನಿಮಾದ ಆ ಹಳೆಯ ಕಾಲದ ಹಳ್ಳಿಯಲ್ಲಿ ಅಪಾರ್ಟ್‌ಮೆಂಟ್ ಎಲ್ಲಿಂದ ಬರಬೇಕು? ಮೇಘನಾ ತೆರೆಯಿಂದ ಕಣ್ಣು ಕೀಳಲೇ ಇಲ್ಲ. ಅದಕ್ಕೆ ಅವರಪ್ಪ ಏನಂದ ಎಂದು ಅಮ್ಮ ಕೇಳಿದಳು. ಮೇಘನಾ ತೆರೆ ನೋಡುತ್ತಲೇ ಚಕ್ಕುಲಿ ತಟ್ಟೆಯನ್ನು ನನ್ನತ್ತ ಸರಿಸಿದಳು. ತೆರೆಯ ಮೇಲಿನ ಅಪ್ಪ ಮಾತಾಡದೆ ಎದ್ದು, ಬಾಗಿಲು ಎಳೆದುಕೊಂಡು ಹೊರಟೇ ಹೋದ. ನನಗೂ ಹಾಗೇ ಎದ್ದು ಹೋಗಬೇಕೆನಿಸಿತು. ಆದರೆ ಆ ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತ ಹುಡುಗಿಯ ಮುಖ ನೋಡಿ ಭಯವಾಯಿತು.

“ಮನೆ ನೋಡೋಕೆ ನಾನೂ ಬರ್ತೀನಿ ಅಂದ,” ಎಂದೆ.

“ಮತ್ತೆ ಯಾಕೆ ಎದ್ದು ಹೋದ?” ಎಂದಳು ಅಮ್ಮ.

“ಅಳು ಬಂತು ಅಂತ ಕಾಣುತ್ತಮ್ಮಾ.”